ಅತ್ತೆಮ್ಮನ ರಾಮಕೋಟಿ

ನಮ್ಮ ನಡುಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಮದುವೆಯಲ್ಲಿ ನಮ್ಮ ತವರಿನವರು ಕೊಟ್ಟದ್ದು. ಮೊದಮೊದಲು ಅದರಲ್ಲಿ ಸೀರೆ, ಮಕ್ಕಳ ಸಣ್ಣ ಬಟ್ಟೆ ಇಡುತ್ತಿದ್ದೆವು. ಆಮೇಲೆ ಮನೆಗೆ ಬೀರು ಬಂತು, ಟ್ರಂಕು ಖಾಲಿಯಾಯಿತು. ಆ ಖಾಲಿ ಟ್ರಂಕನ್ನು ನಮ್ಮ ಅತ್ತೆಮ್ಮ ಕೇಳಿ ಇಸಿದುಕೊಂಡರು. ಹನ್ನೊಂದು ವರ್ಷದಲ್ಲಿ ಅದು ಮತ್ತೆ ತುಂಬಿತು. ಈ ಸಲ ತುಂಬಿದ್ದು ನೋಟ್‌ಬುಕ್ಕುಗಳಿಂದ. 200 ಪುಟದ ಗೆರೆ ನೋಟ್‌ಬುಕ್ಕು, ಒಟ್ಟು 40. ಎಲ್ಲದರಲ್ಲೂ ಒಂದೇ ಮಾತು... ಶ್ರೀರಾಮ, ಶ್ರೀರಾಮ, ಶ್ರೀರಾಮ.

ಒಂದೇ ಮಾತು ಅಂತ ನಾವು ತಿಳಿದಿದ್ದೆವು. ಆ ತಿಳುವಳಿಕೆ ಹೇಗೆ ತಪ್ಪಾಯಿತು ಅನ್ನುವುದನ್ನೇ ಇವತ್ತು ಹೇಳಬೇಕಾಗಿದೆ.

ನಮ್ಮದು ಆದೋನಿ ಕಡೆಯ ಹಳ್ಳಿ. ಮನೆಯ ಮಾತು ಕನ್ನಡ, ಬಜಾರಿನ ಮಾತು ತೆಲುಗು. ಅತ್ತೆಮ್ಮನ ತವರು ಸಿರುಗುಪ್ಪ ತಾಲ್ಲೂಕಿನದು. ಅವರು ಕೂಸಾಗಿದ್ದಾಗ ಎರಡೂ ಊರು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಹೋದವು. ಹೀಗಾಗಿ ಅತ್ತೆಮ್ಮನ ಮದುವೆಯ ಹೊತ್ತಿಗೆ ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯ. ನಾವು ಶಾಲೆಯಲ್ಲಿ ಇದನ್ನೆಲ್ಲ ಗಂಟಲು ಕಟ್ಟಿ ಪಾಠ ಮಾಡುತ್ತೇವೆ. ಅತ್ತೆಮ್ಮ ಮಾತ್ರ, "ಎತ್ತಿಗೇನು ಗೊತ್ತವ್ವಾ ಗಡಿ? ಬೆಳಿಗ್ಗೆ ಬಂಡಿ ಹೂಡಿದ್ರೆ ಸಂಜಿಗೆ ಊರು ಮುಟ್ಟುತ್ತಿತ್ತು" ಅಂದು ಸುಮ್ಮನಾಗುತ್ತಾರೆ. ಅವರು ಓದಿದ್ದು ಮೂರನೇ ಕ್ಲಾಸು. ಅದೂ ತವರಿನ ಗುಡಿಯ ಕಟ್ಟೆ ಮೇಲಿನ ಸಾಲೆಯಲ್ಲಿ.

ನಮ್ಮ ಈ ಭಾಗದಲ್ಲಿ ರಾಮಕೋಟಿ ಬರೆಯುವವರು ಬಹಳ. ರಾಮನ ಹೆಸರನ್ನು ಕೋಟಿ ಸಲ ಬರೆಯುವುದು ಅಂತ ಸಂಕಲ್ಪ. ಪೂರ್ತಿ ಮಾಡುವವರು ಕಡಿಮೆ. ಆದಷ್ಟು ಬರೆದು ಪುಸ್ತಕಗಳನ್ನು ರಾಮನ ಗುಡಿಗೆ ಒಪ್ಪಿಸುತ್ತಾರೆ. ಅನುಕೂಲ ಇದ್ದವರು ಭದ್ರಾಚಲಕ್ಕೇ ಹೋಗಿ ಕೊಟ್ಟು ಬರುತ್ತಾರೆ. ನಮ್ಮ ಮನೆದೇವರು ಉರುಕುಂದ ಈರಣ್ಣ. ಶ್ರಾವಣದಲ್ಲಿ ಅಲ್ಲಿಗೆ ಹೋಗಿ ಬರುವುದು ತಪ್ಪುವುದಿಲ್ಲ. ಹಾಗಿದ್ದರೂ 2012ರಲ್ಲಿ ನಮ್ಮ ಮಾವನವರು ತೀರಿಕೊಂಡ ಮೇಲೆ ಅತ್ತೆಮ್ಮ ರಾಮಕೋಟಿ ಹಿಡಿದರು. ಯಾಕೆ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನಸ್ಸಿಗೆ ಒಂದು ಕೆಲಸ ಬೇಕಿತ್ತು ಅಂತ ಕಾಣುತ್ತದೆ.

ದಿನಕ್ಕೆ ಎರಡು ಪುಟ. ಒಂದು ಪುಟಕ್ಕೆ 24 ಗೆರೆ, ಒಂದು ಗೆರೆಗೆ ಐದು ಹೆಸರು. ಮಧ್ಯಾಹ್ನ ಊಟವಾಗಿ ಪಾತ್ರೆ ಬೆಳಗಿದ ಮೇಲೆ ಬಾಗಿಲ ಬೆಳಕಿಗೆ ಬೆನ್ನು ಮಾಡಿ, ಗೋಡೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದರು. ಪುಟದ ತಲೆಗೆ ಶಾಲೆ ಮಕ್ಕಳ ಹಾಗೆ ತಾರೀಖು. ನಮ್ಮ ಮಗ ಒಂದು ದಿನ ಲೆಕ್ಕ ಹಾಕಿ, "ಅಜ್ಜೀ, ದಿನಕ್ಕೆ 240ರಂತೆ ಬರೆದರೆ ಕೋಟಿ ಮುಗಿಯೋಕೆ 114 ವರ್ಷ ಬೇಕು" ಅಂದ. ಅತ್ತೆಮ್ಮ ತಲೆ ಎತ್ತದೆ, "ಮುಗಿಸು ಅಂತ ಯಾರು ಹೇಳ್ಯಾರಪ್ಪಾ?" ಅಂದರು.

ಆದೋನಿ ಬಜಾರಿನಲ್ಲಿ ರಾಮಕೋಟಿಗೆಂದೇ ಅಚ್ಚು ಹಾಕಿದ ಪುಸ್ತಕ ಸಿಗುತ್ತದೆ. ಪುಟದ ತುಂಬ ಸಣ್ಣ ಸಣ್ಣ ಮನೆಗಳು, ಮೇಲೆ ತೆಲುಗಿನಲ್ಲಿ ಬರಹ. ನಮ್ಮ ಮನೆಯವರು ಒಮ್ಮೆ ಅಂಥ ನಾಲ್ಕು ಪುಸ್ತಕ ತಂದುಕೊಟ್ಟರು. ಅತ್ತೆಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಬ್ಯಾಡ, ಸಾಲಿ ಹುಡುಗರ ಬುಕ್ಕೇ ತಾ" ಅಂದರು. ನಮಗೆ ಎಷ್ಟು ಹಿಗ್ಗಾಯಿತು ಅಂದರೆ, ಮರುದಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. "ನೋಡಿ, ಮೂರನೇ ಕ್ಲಾಸು ಓದಿದ ಮುದುಕಿಗೆ ಎಷ್ಟು ಕನ್ನಡ ಅಭಿಮಾನ! ತೆಲುಗು ಪುಸ್ತಕ ಮುಟ್ಟಲಿಲ್ಲ!" ಗಡಿನಾಡಿನ ಕನ್ನಡ ಮೇಷ್ಟ್ರುಗಳಿಗೆ ಇಂಥ ಕಥೆ ಅಂದರೆ ಸಕ್ಕರೆ ಇದ್ದಂತೆ. ನಾವು ಅದನ್ನು ಎರಡು ರಾಜ್ಯೋತ್ಸವದ ಭಾಷಣದಲ್ಲೂ ಹೇಳಿದ್ದೇವೆ, ಮುಚ್ಚಿಡುವುದೇಕೆ.

ಇನ್ನು ನಮ್ಮ ಬರವಣಿಗೆಯ ವಿಷಯ. ಬಳ್ಳಾರಿಯಲ್ಲಿ ಟಿ.ಸಿ.ಎಚ್. ಓದುವಾಗ ನಮ್ಮ ಗುರುಗಳೊಬ್ಬರು, ಶಿಕ್ಷಕರಾಗುವವರು ದಿನಚರಿ ಬರೆಯಬೇಕು ಅಂದಿದ್ದರು. ಅಂದಿನಿಂದ ಬಿಡದೆ ಬರೆಯುತ್ತಿದ್ದೇವೆ. ಕೆಲಸ ಸಿಕ್ಕ ಮೇಲೆ, ಮದುವೆಯಾದ ಮೇಲೆ, ಮಕ್ಕಳಾದ ಮೇಲೆ, ಮನೆಯಲ್ಲೇ ಓದಿ ಬಿ.ಎ. ಕಟ್ಟುವಾಗಲೂ ಬಿಡಲಿಲ್ಲ. ಅದರ ಬಗ್ಗೆ ನಮಗೆ ಒಳಗೊಳಗೇ ಒಂದು ಜಂಬ ಇತ್ತು. ಅತ್ತೆಮ್ಮ ಮೂಲೆಯಲ್ಲಿ ಕೂತು ಅದೇ ಹೆಸರನ್ನು ಸಾವಿರ ಸಲ ಬರೆಯುವಾಗ, ಪಾಪ, ಇದು ತಿದ್ದಿದ್ದನ್ನೇ ತಿದ್ದಿದ ಹಾಗೆ, ನಮ್ಮದು ನಿಜವಾದ ಬರವಣಿಗೆ ಅಂತ ಅನ್ನಿಸುತ್ತಿತ್ತು. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳಿಗೆ ನಾವೂ "ಹತ್ತು ಸಲ ಬರೆದು ತಾ" ಅನ್ನುತ್ತೇವಲ್ಲ, ಇದೂ ಅಂಥದ್ದೇ ಒಂದು ಅಂತ ನಮ್ಮ ಲೆಕ್ಕ.

ಈಗ ಒಂದು ಹಳೆಯ ನೋವು ಹೇಳಬೇಕು. 2016ರಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಮಧ್ಯಾಹ್ನದ ಹೊತ್ತು. ಭಾನುವಾರವಾದ್ದರಿಂದ ನಾವು ಮನೆಯಲ್ಲೇ ಇದ್ದೆವು. ನಮ್ಮ ಮನೆಯವರು ಹೊಲಕ್ಕೆ ಹೋಗಿದ್ದರು. ಅಣ್ಣನ ಫೋನು ಬಂತು. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಒಲೆಯ ಮುಂದೆ ಕುಸಿದು ಕೂತೆವು. ಹಂಚಿನ ಮೇಲೆ ರೊಟ್ಟಿ ಸೀದು ಹೋಯಿತು. ಅತ್ತೆಮ್ಮ ಮೂಲೆಯಲ್ಲಿ ಬರೆಯುತ್ತಾ ಕೂತಿದ್ದರು. ಎದ್ದು ಬಂದು ಒಲೆ ಆರಿಸಿದರು. "ಯಾವಾಗ?" ಅಂದರು. ಹೇಳಿದೆವು. ಮತ್ತೆ ಹೋಗಿ ಮೂಲೆಯಲ್ಲಿ ಕೂತು ಬರೆಯತೊಡಗಿದರು. ನಮ್ಮ ಮನೆಯವರು ಬಂದು, ಗಾಡಿ ಹೊಂದಿಸಿ, ನಾವು ಹೊರಡುವವರೆಗೂ ಅವರು ಬರೆಯುತ್ತಲೇ ಇದ್ದರು.

ತಂದೆ ಸತ್ತ ಸೊಸೆಯ ತಲೆ ಮೇಲೆ ಒಂದು ಕೈ ಇಡಬಾರದಿತ್ತೇ? ಈ ಮಾತನ್ನು ನಾವು ಯಾರಿಗೂ ಹೇಳಲಿಲ್ಲ. ನಮ್ಮ ಮನೆಯವರಿಗೂ ಹೇಳಲಿಲ್ಲ, ದಿನಚರಿಯಲ್ಲೂ ಬರೆಯಲಿಲ್ಲ. ಆದರೆ ಮರೆಯಲೂ ಇಲ್ಲ. ಅತ್ತೆಮ್ಮನಿಗೆ ಊಟ ಬಡಿಸಿದ್ದೇವೆ, ಔಷಧಿ ಕೊಟ್ಟಿದ್ದೇವೆ, ಎಣ್ಣೆ ಹಚ್ಚಿ ತಲೆ ಬಾಚಿದ್ದೇವೆ. ಎಲ್ಲದರ ಕೆಳಗೆ ಆ ಒಂದು ಮಧ್ಯಾಹ್ನ ಹಾಗೇ ಕೂತಿತ್ತು. ಎಂಟು ವರ್ಷ.

2023ರ ಹೊತ್ತಿಗೆ ಅತ್ತೆಮ್ಮನ ಎರಡೂ ಕಣ್ಣಿಗೆ ಪೊರೆ ಬಂತು. ಕೈ ನಡುಗತೊಡಗಿತು. ಗೆರೆ ಬಿಟ್ಟು ಗೆರೆಗೆ ಅಕ್ಷರ ಹಾರುತ್ತಿತ್ತು. 40ನೇ ನೋಟ್‌ಬುಕ್ಕು ಮುಗಿದ ದಿನ ಪೆನ್ನಿನ ಮುಚ್ಚಳ ಹಾಕಿ, "ಇಷ್ಟೇ ನನ್ನ ಪಾಲಿಂದು. ಭದ್ರಾಚಲಕ್ಕೆ ಮುಟ್ಟಿಸಿಬಿಡ್ರಿ" ಅಂದರು. ಆಪರೇಷನ್ನು, ಅದು ಇದು ಅಂತ ವರ್ಷ ಕಳೆಯಿತು. 2024ರ ಬೇಸಿಗೆ ರಜೆಯಲ್ಲಿ ಹೋಗುವುದು ಅಂತ ತೀರ್ಮಾನವಾಯಿತು. ಹೊರಡುವುದಕ್ಕೆ ವಾರ ಮುಂಚೆ ನಾವು ಟ್ರಂಕು ತೆಗೆದು, ಹತ್ತತ್ತು ನೋಟ್‌ಬುಕ್ಕು ಒಂದು ಕಟ್ಟು ಮಾಡಿ ಹಳದಿ ಬಟ್ಟೆಯಲ್ಲಿ ಸುತ್ತುತ್ತಾ ಕೂತೆವು. ಗೆದ್ದಲು ಹಿಡಿದಿದೆಯೇನೋ ಅಂತ ಒಂದೊಂದೇ ಬಿಚ್ಚಿ ನೋಡುತ್ತಿದ್ದೆವು.

ಆಗ ಕಣ್ಣಿಗೆ ಬಿತ್ತು. ನೋಟ್‌ಬುಕ್ಕಿನ ಎಡಗಡೆ ಕೆಂಪು ಗೆರೆಯ ಆಚೆ ಅಂಚು ಬಿಟ್ಟಿರುತ್ತಾರಲ್ಲ, ಅಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ.

"ಮಳಿ ಬಂತು. ಕಡ್ಲಿ ಬಿತ್ತಿದರು."

"ಹಾಲು ಕಮ್ಮಿ ಹಾಕ್ಯಾನ. ಎರಡನೇ ಸಲ."

"ಮಗ ಉಣ್ಣದೆ ಹೋದ."

"ಪಾಪುಗೆ ಜ್ವರ. ರಾತ್ರಿ ನಿದ್ದಿಲ್ಲ."

"ಸಿರುಗುಪ್ಪಿಂದ ತಮ್ಮ ಬಂದಿದ್ದ. ಸೀರಿ ತರಲಿಲ್ಲ. ಬ್ಯಾಸರ ಇಲ್ಲ."

ಪುಟ ತಿರುಗಿಸಿದಂತೆಲ್ಲ ಇದೇ. ದಿನಕ್ಕೆ ಒಂದು ಮಾತು, ಎರಡು ಮಾತು. ಕೆಲವು ದಿನ ಏನೂ ಇಲ್ಲ. ಬಲಗಡೆ 120 ಸಲ ರಾಮನ ಹೆಸರು, ಎಡಗಡೆ ನಮ್ಮ ಮನೆ. ನಮ್ಮ ಕೈ ತಣ್ಣಗಾಯಿತು. ಒಂದು ಕಡೆ, "ಸೊಸಿ ಎರಡು ದಿನ ಮಾತಾಡಿಲ್ಲ. ತಪ್ಪು ನಂದೇ" ಅಂತ ಇತ್ತು. ಯಾವ ತಪ್ಪು, ಯಾವ ಜಗಳ, ನಮಗೆ ನೆನಪೇ ಇಲ್ಲ. ನಾವು ಮರೆತದ್ದನ್ನು ಅವರು ಬರೆದಿದ್ದಾರೆ ಅಂದರೆ, ನಾವು ನೆನಪಿಟ್ಟದ್ದು ಅಲ್ಲಿ ಹೇಗೆ ಇರಬಹುದು?

2016ರ ನೋಟ್‌ಬುಕ್ಕು ಹುಡುಕಿದೆವು. ತಂದೆಯವರು ಹೋದ ತಾರೀಖು ಹುಡುಕಿದೆವು. ಆ ದಿನ ಎರಡು ಪುಟ ಅಲ್ಲ, ನಾಲ್ಕು ಪುಟ ಬರೆದಿದ್ದರು. ನಾಲ್ಕರ ಮೇಲೂ ಅದೇ ತಾರೀಖು. ಅಂಚಿನಲ್ಲಿ, "ಬೀಗರು ಹೋದರು. ಈ ನಾಕು ಪುಟ ಅವರ ಹೆಸರಿಲೆ. ಸೊಸಿ ಹತ್ರ ಹೋಗಾಕ ಧೈರ್ಯ ಬರವಲ್ದು."

ಎಷ್ಟು ಹೊತ್ತು ಹಾಗೇ ಕೂತಿದ್ದೆವೋ ಗೊತ್ತಿಲ್ಲ. ಆಮೇಲೆ ಎದ್ದು ನಮ್ಮ ದಿನಚರಿ ತೆಗೆದು ಅದೇ ತಾರೀಖು ನೋಡಿದೆವು. "ಇಂದು ಪೂಜ್ಯ ತಂದೆಯವರು ದೈವಾಧೀನರಾದರು. ಬಾಳಿನ ದಾರಿದೀಪ ಆರಿಹೋಯಿತು" ಅಂತ ಇತ್ತು. ಚೆಂದದ ಅಕ್ಷರ, ತಪ್ಪಿಲ್ಲದ ಕನ್ನಡ. ಯಾರ ಮನೆಯ ಶ್ರದ್ಧಾಂಜಲಿ ಪತ್ರದಲ್ಲಾದರೂ ಹಾಕಬಹುದಾದ ವಾಕ್ಯ. ರೊಟ್ಟಿ ಸೀದದ್ದಿಲ್ಲ, ಹಿಟ್ಟಿನ ಕೈ ಇಲ್ಲ, ಅತ್ತೆಮ್ಮನ ಮೇಲಿನ ಸಿಟ್ಟಿಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ದಿನಚರಿಯಲ್ಲಿ ಜಗಳವೇ ಇಲ್ಲ ನೋಡಿ! ಮುಂದೆ ಯಾರಾದರೂ ಓದಿಯಾರು ಅಂತ ಒಂದು ಕಣ್ಣು ಅತ್ತ ಇಟ್ಟೇ ಬರೆದಿದ್ದೇವೆ. ಯಾರೂ ಓದುವುದಿಲ್ಲ ಅಂತ ಖಾತ್ರಿ ಇದ್ದವರು ಮಾತ್ರ ನಿಜ ಬರೆದಿದ್ದರು.

ರಾತ್ರಿ ನಮ್ಮ ಮನೆಯವರಿಗೆ ತೋರಿಸಿದೆವು. ಅವರಿಗೆ ಬೇರೆಯೇ ಚಿಂತೆ. "ದೇವರ ಪುಸ್ತಕದಲ್ಲಿ ಹಾಲಿನ ಲೆಕ್ಕ ಬರೆದಾಳಲ್ಲ, ಗುಡಿಯಾಗೆ ತಗೊಂತಾರಾ?" ನಮಗೆ ಕೊಡಲಿಕ್ಕೇ ಮನಸ್ಸಿರಲಿಲ್ಲ. ರಾಮನಿಗೆ ಕೋಟಿಗಟ್ಟಲೆ ಹೆಸರು ಬರುತ್ತವೆ, ನಮ್ಮ ಮನೆಯ ಹನ್ನೊಂದು ವರ್ಷ ನಮಗೆ ಮತ್ತೆ ಎಲ್ಲಿ ಸಿಗಬೇಕು? ಕರ್ನೂಲಿನಲ್ಲಿ ಓದುವ ಮಗಳು ಫೋನಿನಲ್ಲಿ, "ಅಮ್ಮಾ, ಎಲ್ಲಾ ಪುಟ ಫೋಟೋ ಹೊಡ್ಕೊಂಡು ಆಮೇಲೆ ಕೊಡ್ರಿ" ಅಂದಳು. ಸುಲಭವೇ. ಆದರೆ ಕೇಳದೆ ಓದಿದ್ದೇ ಒಂದು ತಪ್ಪು, ಕೇಳದೆ ಫೋಟೋ ತೆಗೆದರೆ ಎರಡನೆಯದು.

ಮರುದಿನ ಅತ್ತೆಮ್ಮನ ಪಕ್ಕ ಕೂತು, "ಅತ್ತೆಮ್ಮಾ, ನೀವು ಅಂಚಿನಾಗ ಬರೆದಿದ್ದು ನೋಡಿದೆವು" ಅಂದೆವು.

ಅವರ ಮುಖ ಸಣ್ಣದಾಯಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಸಾಲಿ ಕಲಿಸೋರು... ತಪ್ಪು ಎಷ್ಟದಾವು, ಎಣಿಸಿದ್ಯಾ?" ಅಂದರು.

"ಇಲ್ಲ ಅತ್ತೆಮ್ಮಾ."

"ಅದು ನಿಮಗೆ ಬರೆದಿದ್ದಲ್ಲವ್ವಾ. ಆತಗೆ ಬರೆದಿದ್ದು. ಬಾಯಿ ಬಿಟ್ಟು ಹೇಳಾಕ ಬರಲ್ಲ ನನಗೆ. ಬರೇ ಹೆಸರು ಬರೆದ್ರೆ, ಇದು ಯಾರ ಮನಿದು ಅಂತ ಆತಗೆ ಹೆಂಗ ಗೊತ್ತಾಗಬೇಕು?"

ಹಾಗೇ ಕೇಳಿದೆವು, ಅಚ್ಚಿನ ಪುಸ್ತಕ ಯಾಕೆ ಬೇಡ ಅಂದಿರಿ, ತೆಲುಗು ಅಂತಲಾ? ಅತ್ತೆಮ್ಮ ನಮ್ಮನ್ನು ದಡ್ಡರನ್ನು ನೋಡುವ ಹಾಗೆ ನೋಡಿದರು. "ತೆಲುಗಾದರೇನು, ಕನ್ನಡಾದರೇನು? ಅದರಾಗ ಪುಟದ ತುಂಬಾ ಮನಿನೇ. ಬರಿಯಾಕ ಜಾಗ ಎಲ್ಲೈತಿ?"

ಎರಡು ರಾಜ್ಯೋತ್ಸವದ ಭಾಷಣ ಅಲ್ಲಿಗೆ ಮುಗಿಯಿತು.

ನಾವು ಫೋಟೋ ತೆಗೆಯಲಿಲ್ಲ. 40 ನೋಟ್‌ಬುಕ್ಕನ್ನೂ ಎರಡು ಚೀಲದಲ್ಲಿ ತುಂಬಿಕೊಂಡು ನಾವಿಬ್ಬರು, ಮಗ, ಮೂರು ಜನ ಹೊರಟೆವು. ಅತ್ತೆಮ್ಮನಿಗೆ ಅಷ್ಟು ದೂರದ ಪ್ರಯಾಣ ಆಗುವ ಹಾಗಿರಲಿಲ್ಲ. ಹೈದರಾಬಾದಿನಲ್ಲಿ ಒಂದು ದಿನ ಉಳಿದು ಗೋಲ್ಕೊಂಡ ಕೋಟೆ ನೋಡಿದೆವು. ಭದ್ರಾಚಲದ ಗುಡಿ ಕಟ್ಟಿಸಿದ ಕಂಚರ್ಲ ಗೋಪಣ್ಣ, ಅಂದರೆ ಭಕ್ತ ರಾಮದಾಸರು, ಸರಕಾರದ ಕಂದಾಯದ ಹಣ ಗುಡಿಗೆ ಬಳಸಿದರೆಂದು 17ನೇ ಶತಮಾನದಲ್ಲಿ ಸೆರೆಯಲ್ಲಿದ್ದ ಜಾಗ ಅಂತ ಅಲ್ಲಿ ಒಂದು ಕೋಣೆ ತೋರಿಸುತ್ತಾರೆ. ಗೋಡೆಯ ಮೇಲೆ ರಾಮ, ಸೀತೆ, ಲಕ್ಷ್ಮಣರ ಕೆತ್ತನೆಗಳಿವೆ. ರಾಮದಾಸರ ಕೀರ್ತನೆಗಳನ್ನು ತೆಲುಗು ನೆರೆಮನೆಯವರ ಬಾಯಲ್ಲಿ ಕೇಳಿಯೇ ನಾವೆಲ್ಲ ಬೆಳೆದದ್ದು. ಅವುಗಳಲ್ಲಿ ಬರೀ ಹೊಗಳಿಕೆ ಇಲ್ಲ. ಸೀತಮ್ಮನ ಒಡವೆಗೆ ಎಷ್ಟು ಖರ್ಚು ಮಾಡಿದೆ, ಲಕ್ಷ್ಮಣನಿಗೆ ಎಷ್ಟು ಕೊಟ್ಟೆ, ಈಗ ನನ್ನನ್ನು ಕೇಳುವವರಿಲ್ಲವೇ ಅಂತ ದೇವರಿಗೇ ಲೆಕ್ಕ ಒಪ್ಪಿಸುವ ಕೀರ್ತನೆಯೂ ಇದೆ. ಕೋಣೆಯಿಂದ ಹೊರಗೆ ಬಂದು ನಮ್ಮ ಮನೆಯವರಿಗೆ ಅಂದೆವು, "ರಾಮದಾಸರು ಒಡವೆ ಲೆಕ್ಕ ಹೇಳಬಹುದಾದರೆ, ನಿಮ್ಮ ಅವ್ವ ಹಾಲಿನ ಲೆಕ್ಕ ಹೇಳಬಾರದಾ?" ಅವರು ನಕ್ಕರು. ಆಮೇಲೆ ಆ ಚಿಂತೆ ಎತ್ತಲಿಲ್ಲ.

ಭದ್ರಾಚಲಂ ರೋಡ್ ಅನ್ನುವ ಸ್ಟೇಷನ್ನು ಇರುವುದು ಕೊತ್ತಗೂಡೆಂನಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರು ಹೋದರೆ ಗೋದಾವರಿ ದಂಡೆಯಲ್ಲಿ ಗುಡಿ. ದರ್ಶನ ಮಾಡಿ ಕಟ್ಟುಗಳನ್ನು ಒಪ್ಪಿಸಿದೆವು. ತೆಗೆದುಕೊಂಡವರು ಬಿಚ್ಚಿ ನೋಡಲಿಲ್ಲ. ಹಣೆಗೆ ಒತ್ತಿಕೊಂಡು, ಬೇರೆಯವರ ಪುಸ್ತಕಗಳ ಪಕ್ಕ ಇಟ್ಟರು. "ಒಂದಾದರೂ ತೆಗೆದು ನೋಡಬೇಕಿತ್ತಲ್ಲ" ಅಂತ ಮಗನಿಗೆ ಬೇಸರ. ನಮಗೆ ಸಮಾಧಾನ. ಕೊಡುವಾಗ ಮಾತ್ರ 2016ರ ನೋಟ್‌ಬುಕ್ಕು ಇದ್ದ ಕಟ್ಟನ್ನು ಒಂದು ಗಳಿಗೆ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿದ್ದೆವು. ಆ ನಾಲ್ಕು ಪುಟ ಹೋಗಬೇಕಾದ ಕಡೆಗೇ ಹೋಗುತ್ತಿತ್ತು.

ಊರಿಗೆ ಬಂದು ಪ್ರಸಾದ ಕೊಟ್ಟು ಅತ್ತೆಮ್ಮನ ಕಾಲು ಮುಟ್ಟಿದೆವು. ಅವರು ತಲೆ ಮೇಲೆ ಕೈ ಇಟ್ಟರು. ಎಲ್ಲ ಅತ್ತೆಯರೂ ಇಡುತ್ತಾರೆ. ಆದರೆ ಕೈ ಎತ್ತಲು ಅವರು ಸ್ವಲ್ಪ ತಡ ಮಾಡಿದರು. ಆ ಹಳೆಯ ಮಧ್ಯಾಹ್ನದ ಮಾತು ಅವರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ.

ಇದಾದ ಮೇಲೆ ಶಾಲೆಯಲ್ಲಿ ನಾವು ಒಂದು ಅಭ್ಯಾಸ ಬಿಟ್ಟೆವು. "ಹತ್ತು ಸಲ ಬರೆದು ತಾ" ಅನ್ನುವುದಿಲ್ಲ. ತಪ್ಪಾದ ಪದವನ್ನು ಒಂದೇ ಸಲ ಸರಿಯಾಗಿ ಬರೆದು, ಪಕ್ಕದ ಅಂಚಿನಲ್ಲಿ ನಿನ್ನೆ ಮನೆಯಲ್ಲಿ ಏನಾಯಿತು ಒಂದು ಸಾಲು ಬರಿ ಅನ್ನುತ್ತೇವೆ. ಇಷ್ಟವಿದ್ದರೆ ತೋರಿಸು, ಇಲ್ಲದಿದ್ದರೆ ಕೈ ಮುಚ್ಚಿಕೋ, ನಾವು ನೋಡುವುದಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟರೆ ಹಳ್ಳಿಗೆ ಹಳ್ಳಿಯೇ ಗುಂಟೂರು ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು ವಲಸೆ ಹೋಗುತ್ತದೆ. ಕೆಲವು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ಕೆಲವರನ್ನು ಅಜ್ಜ ಅಜ್ಜಿ ಹತ್ತಿರ ಬಿಟ್ಟು ಹೋಗುತ್ತಾರೆ. ಹಾಗೆ ಬಿಟ್ಟುಹೋದ ಒಬ್ಬ ಹುಡುಗ, ಏಳರ ಮಗ್ಗಿ ತಪ್ಪುತ್ತಾನೆ ಅಂತ ನಮ್ಮಿಂದ ಎಷ್ಟೋ ಸಲ ಬೈಸಿಕೊಂಡವನು, ಒಂದು ದಿನ ನೋಟ್‌ಬುಕ್ಕು ತಂದು ಮುಂದೆ ಹಿಡಿದ. "ಗುಂಟೂರಿಂದ ಅವ್ವ ಫೋನ್ ಮಾಡಿದ್ಲು. ನಾನು ಅಳಲಿಲ್ಲ" ಅಂತ ಬರೆದಿದ್ದ. 'ಅಳಲಿಲ್ಲ'ದ ಒತ್ತಕ್ಷರ ತಪ್ಪಾಗಿತ್ತು. ನಾವು ತಿದ್ದಲಿಲ್ಲ.

ನಮ್ಮ ದಿನಚರಿಯೂ ಸ್ವಲ್ಪ ಬದಲಾಗಿದೆ. ಅಕ್ಷರ ಕೆಟ್ಟಿದೆ. ದಾರಿದೀಪ, ಬಾಳಪಯಣ ಇವೆಲ್ಲ ಕಡಿಮೆಯಾಗಿವೆ. "ಇವತ್ತು ಮಗನಿಗೆ ಬೈದೆವು, ತಪ್ಪು ನಮ್ಮದೇ" ಅಂತ ಬರೆಯಲು ಬಂದಿದೆ. ಬರೆದ ಮೇಲೆ ಅವನಿಗೆ ಹೇಳಲೂ ಒಮ್ಮೊಮ್ಮೆ ಬಾಯಿ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಬರದಿದ್ದಾಗ ಅತ್ತೆಮ್ಮ ನೆನಪಾಗುತ್ತಾರೆ.

ಇದನ್ನೆಲ್ಲ ಹೀಗೆ ಬರೆಯಬಹುದೇ ಅಂತ ಅವರನ್ನೇ ಕೇಳಿದೆವು. ಎರಡು ದಿನ ಬಿಟ್ಟು ಉತ್ತರ ಕೊಟ್ಟರು. "ಬರಿ. ನನ್ನ ಹೆಸರು ಹಾಕಬ್ಯಾಡ. ಹಾಲಿನಾತಂದೂ ಹಾಕಬ್ಯಾಡ, ಪಾಪ, ಎಮ್ಮಿ ಬತ್ತಿರಬೇಕು ಆವಾಗ."

ಆಪರೇಷನ್ನಿನ ನಂತರ ಅವರ ಒಂದು ಕಣ್ಣು ಚೆನ್ನಾಗಿ ಕಾಣುತ್ತಿದೆ. ಹೋದ ಶ್ರಾವಣದಿಂದ ಮತ್ತೆ ಬರೆಯಲು ಕೂತಿದ್ದಾರೆ, ದಿನಕ್ಕೆ ಅರ್ಧ ಪುಟ. ಕೈ ನಡುಗುವುದರಿಂದ ಗೆರೆ ಇಲ್ಲದ ದೊಡ್ಡ ನೋಟ್‌ಬುಕ್ಕು ತಂದುಕೊಟ್ಟಿದ್ದೇವೆ. ಅದಕ್ಕೆ ಅಂಚು ಇರುವುದಿಲ್ಲವಲ್ಲ. ಭಾನುವಾರಕ್ಕೊಮ್ಮೆ ಸ್ಕೇಲು, ಕೆಂಪು ಪೆನ್ನು ಹಿಡಿದು ಮುಂದಿನ ವಾರದ ಪುಟಗಳಿಗೆ ನಾವೇ ಗೆರೆ ಎಳೆದುಕೊಡುತ್ತೇವೆ, ಸ್ವಲ್ಪ ಅಗಲವಾಗಿಯೇ. ಎಳೆಯುವಾಗ ಹಿಂದಿನ ಪುಟ ತಿರುಗಿಸುವುದಿಲ್ಲ.